ಸಾರನಾಥ ಸಿಂಹಶೀರ್ಷದ ಪ್ರತಿಕೃತಿ: ಹಿಂಬದಿಯನ್ನೂ ನೋಡಿ ಕೊಳ್ಳಿ

ಒಂಬತ್ತು ಅಂಗುಲ ಎತ್ತರದ ಈ ಪ್ರತಿಕೃತಿಯನ್ನು ಆನ್‌ಲೈನ್ ಮಾರಾಟಗಾರರೊಬ್ಬರಿಂದ 1,850 ರೂಪಾಯಿಗೆ ತರಿಸಿಕೊಂಡು ಮೂರು ತಿಂಗಳಾಯಿತು. ಕಲ್ಲಿನ ಪುಡಿಗೆ ರೆಸಿನ್ ಬೆರೆಸಿ ಅಚ್ಚಿನಲ್ಲಿ ಹೊಯ್ದ ಇದು ಒಳ್ಳೆಯ ತೂಕವಿದ್ದು, ಮೇಜಿನ ಮೇಲೆ ಅಲುಗಾಡದೆ ನಿಲ್ಲುತ್ತದೆ. ನಾಣ್ಯ, ನೋಟು, ಪಾಸ್‌ಪೋರ್ಟುಗಳ ಮೇಲೆ ಸದಾ ಒಂದೇ ಮಗ್ಗುಲಿನಿಂದ ಕಾಣುವ ರಾಷ್ಟ್ರ ಲಾಂಛನದ ಮೂಲವನ್ನು ಸುತ್ತಲೂ ತಿರುಗಿಸಿ ನೋಡಬೇಕೆಂಬ ಬಹುದಿನದ ಆಸೆಯಿಂದ ಇದನ್ನು ಕೊಂಡೆ.

ಆ ಆಸೆ ಈಡೇರಿದೆ. ಲಾಂಛನದಲ್ಲಿ ನಮಗೆ ಕಾಣುವುದು ಮೂರೇ ಸಿಂಹಗಳು. ಅವುಗಳ ಕೆಳಗಿನ ಪಟ್ಟಿಯಲ್ಲಿ ನಡುವೆ ಚಕ್ರ, ಬಲಕ್ಕೆ ಗೂಳಿ, ಎಡಕ್ಕೆ ಓಡುವ ಕುದುರೆ, ಎರಡೂ ತುದಿಗಳಲ್ಲಿ ಇನ್ನೆರಡು ಚಕ್ರಗಳ ಅಂಚು. ಪ್ರತಿಕೃತಿಯನ್ನು ತಿರುಗಿಸಿದಾಗಲೇ ಬೆನ್ನಿಗೆ ಬೆನ್ನು ಕೊಟ್ಟ ನಾಲ್ಕನೆಯ ಸಿಂಹವೂ ಪಟ್ಟಿಯ ಮೇಲಿನ ಆನೆ ಮತ್ತು ಪುಟ್ಟ ಸಿಂಹವೂ ಎದುರಾಗುತ್ತವೆ. ಆನೆಯ ಕೆಲಸ ನಿಜಕ್ಕೂ ಚೆನ್ನಾಗಿದೆ: ಹೆಬ್ಬೆರಳಿನ ಉಗುರಿನಷ್ಟೇ ಇರುವ ಅದರ ಕಿವಿಯ ಮಡಿಕೆಯೂ ಸೊಂಡಿಲಿನ ಬಾಗೂ ಬೆರಳಿಗೆ ಸಿಗುತ್ತವೆ.

ಬುದ್ಧ ಮೊದಲ ಬೋಧನೆ ನೀಡಿದ ಸಾರನಾಥದಲ್ಲಿ, ಕ್ರಿ.ಪೂ. 3ನೆಯ ಶತಮಾನದಲ್ಲಿ, ಅಶೋಕ ನಿಲ್ಲಿಸಿದ ಕಂಬದ ಬೋದಿಗೆ, ಅಂದರೆ ಕಂಬದ ತಲೆಭಾಗ, ಇದರ ಮೂಲ. ಆ ಬೋಧನೆಗೆ ಧರ್ಮಚಕ್ರ ಪ್ರವರ್ತನ ಎಂದೇ ಹೆಸರು. ಬುದ್ಧನನ್ನು ಶಾಕ್ಯಸಿಂಹ ಎಂದು ಕರೆಯುವುದರಿಂದ, ನಾಲ್ಕು ದಿಕ್ಕಿಗೂ ಬಾಯ್ತೆರೆದ ಈ ಸಿಂಹಗಳಲ್ಲಿ ಅವನ ಧರ್ಮದ ಘೋಷವನ್ನು ಕಾಣುವವರಿದ್ದಾರೆ. ಆನೆ, ಬುದ್ಧನನ್ನು ಹೆರುವ ಮೊದಲು ತಾಯಿ ಮಾಯಾದೇವಿ ಕಂಡ ಆನೆಯ ಕನಸನ್ನೂ ಕುದುರೆ ಸಿದ್ಧಾರ್ಥ ಅರಮನೆ ಬಿಟ್ಟು ಹೊರಟ ರಾತ್ರಿಯನ್ನೂ ನೆನಪಿಸುತ್ತವೆ ಎನ್ನುವುದು ಒಂದು ವ್ಯಾಖ್ಯಾನ. ನಾಲ್ಕು ಪ್ರಾಣಿಗಳೂ ನಾಲ್ಕು ದಿಕ್ಕುಗಳ ಗುರುತು ಎನ್ನುವುದು ಇನ್ನೊಂದು. ಸುತ್ತಲೂ ತಿರುಗಿಸುವಾಗ ಚಕ್ರ, ಪ್ರಾಣಿ, ಮತ್ತೆ ಚಕ್ರ ಎಂದು ಒಂದರ ಹಿಂದೊಂದು ಸಾಗುವುದನ್ನು ನೋಡಿದರೆ, ಧರ್ಮಚಕ್ರ ಉರುಳುತ್ತಿದೆ ಎಂಬ ಮಾತು ಕಣ್ಣಿಗೇ ಕಟ್ಟುತ್ತದೆ.

ಆದರೆ ಅದೇ ಚಕ್ರದಲ್ಲಿ ತಯಾರಕರು ಎಡವಿದ್ದಾರೆ. ಮೂಲದ ಪಟ್ಟಿಯ ಚಕ್ರಗಳಿಗೆ 24 ಅರಗಳಿವೆ; ನಮ್ಮ ಬಾವುಟದ ನಡುವಿನ ಚಕ್ರಕ್ಕೂ ಅಷ್ಟೇ. ಭೂತಗನ್ನಡಿ ಹಿಡಿದು ಎಣಿಸಿದರೆ ಇದರ ಮುಂದಿನ ಚಕ್ರದಲ್ಲಿ 20, ಹಿಂದಿನದರಲ್ಲಿ 18 ಮಾತ್ರ ಸಿಕ್ಕವು. ಚಿಕ್ಕ ಅಚ್ಚಿನಲ್ಲಿ ಅರಗಳನ್ನು ಕೂರಿಸುವುದು ಕಷ್ಟವೆಂದು ಒಪ್ಪುತ್ತೇನೆ, ಆದರೂ ಈ ಸಂಖ್ಯೆಯಲ್ಲಿ ರಾಜಿ ಸಲ್ಲದು. ಬಣ್ಣವೂ ಸರಿಬಂದಿಲ್ಲ. ಮೂಲ ಶಿಲ್ಪವನ್ನು ಚುನಾರಿನ ಮಾಸಲು ಹಳದಿ ಮರಳುಗಲ್ಲಿನಲ್ಲಿ ಕಡೆದು, ಮೌರ್ಯರ ಕಾಲದ ಆ ಹೆಸರಾಂತ ನುಣುಪು ಬರುವಂತೆ ಉಜ್ಜಿದ್ದಾರೆ. ಇಲ್ಲಿ ಬಳಿದಿರುವ ವಾರ್ನಿಷ್ ಪ್ಲಾಸ್ಟಿಕ್ಕಿನಂತೆ ಮಿಂಚುತ್ತದೆ.

ನನಗೆ ಎಲ್ಲಕ್ಕಿಂತ ಹೆಚ್ಚು ನೋವಾದದ್ದು ಬುಡದ ಮೇಲೆ ‘ಸತ್ಯಮೇವ ಜಯತೇ’ ಎಂದು ಕೆತ್ತಿರುವುದನ್ನು ಕಂಡು. ಮುಂಡಕೋಪನಿಷತ್ತಿನ ಆ ವಾಕ್ಯ ಅಶೋಕನ ಬೋದಿಗೆಯಲ್ಲಿ ಇಲ್ಲ; 1950ರ ಜನವರಿ 26ರಂದು ಗಣರಾಜ್ಯ ಅಂಗೀಕರಿಸಿದ ಲಾಂಛನದಲ್ಲಿ ಸಿಂಹಗಳ ಕೆಳಗೆ ಸೇರಿದ್ದು ಅದು. ಹಾಗೆಯೇ ಮೂಲದಲ್ಲಿರುವ, ಗಂಟೆಯಂತೆ ಇಳಿಬಿದ್ದ ಕಮಲವನ್ನು ಲಾಂಛನದಲ್ಲಿ ಬಿಟ್ಟಿದ್ದಾರೆ. ಈ ಪ್ರತಿಕೃತಿಯಲ್ಲಿ ಕಮಲವೂ ಇದೆ, ವಾಕ್ಯವೂ ಇದೆ. ಹೀಗಾಗಿ ಇದು ಅಶೋಕನ ಶಿಲ್ಪವೂ ಅಲ್ಲ, ಗಣರಾಜ್ಯದ ಲಾಂಛನವೂ ಅಲ್ಲ. ಮನೆಯಲ್ಲಿ ಇದನ್ನು ನೋಡಿ ಕಲಿಯುವ ಮಗು ಎರಡು ಸಾವಿರ ವರ್ಷಗಳ ಅಂತರವನ್ನು ಒಂದೇ ಎಂದು ತಿಳಿದೀತು.

ಪೆಟ್ಟಿಗೆಯ ಮೇಲೆ ತಮ್ಮ ಅಂಗಡಿಯ ಹೆಸರಿನ ಪಕ್ಕದಲ್ಲೇ ಲಾಂಛನವನ್ನು ಮುದ್ರಿಸಿರುವುದಂತೂ ತಪ್ಪು. ಲಾಂಛನದ ದುರ್ಬಳಕೆಯನ್ನು ತಡೆಯುವ 2005ರ ಕಾಯ್ದೆ ವ್ಯಾಪಾರಕ್ಕಾಗಿ ಅದನ್ನು ಹೀಗೆ ಬಳಸುವುದನ್ನು ನಿರ್ಬಂಧಿಸುತ್ತದೆ. ಈ ಬಗ್ಗೆ ಬರೆದಾಗ ಮಾರಾಟಗಾರರು ಬೇರೆ ಪೆಟ್ಟಿಗೆ ಕಳಿಸುವುದಾಗಿ ತಿಳಿಸಿದರು, ಅರಗಳ ವಿಚಾರಕ್ಕೆ ಉತ್ತರಿಸಲಿಲ್ಲ.

ಐದರಲ್ಲಿ ಮೂರು ಅಂಕ ಕೊಡುತ್ತೇನೆ, ಅದರಲ್ಲಿ ಒಂದು ಪೂರ್ತಿ ಆ ಆನೆಗೆ. ಕೊಳ್ಳುವವರು ಹಣ ಕಟ್ಟುವ ಮೊದಲು ಹಿಂಬದಿಯ ಚಿತ್ರವನ್ನೂ ಚಕ್ರದ ಹತ್ತಿರದ ಚಿತ್ರವನ್ನೂ ಕೇಳಿ ತರಿಸಿಕೊಂಡು ಅರಗಳನ್ನು ಎಣಿಸಿ, ಬುಡದಲ್ಲಿ ಅಕ್ಷರಗಳಿಲ್ಲದ ನಮೂನೆ ಇದೆಯೇ ಎಂದು ವಿಚಾರಿಸಿ.