ಹೋಸ್ಟ್ ಅಪ್‌ಡೇಟ್: ಒಟ್ಟಿಗೇ ಮಾಡೋದಾ, ಬಿಡಿಬಿಡಿಯಾಗಾ?

ಎರಡು ಕ್ಲಸ್ಟರ್‌ಗಳ (ಒಟ್ಟಾಗಿ ಕೆಲಸ ಮಾಡುವ ಸರ್ವರ್ ಗುಂಪುಗಳ) ಅಪ್‌ಡೇಟ್ ನನ್ನ ತಲೆಗೆ ಬಿದ್ದಿದೆ. ಒಂದರಲ್ಲಿ ವಿಎಂವೇರ್‌ನ ಇಎಸ್‌ಎಕ್ಸ್‌ಐ, ಇನ್ನೊಂದರಲ್ಲಿ ಪ್ರಾಕ್ಸ್‌ಮಾಕ್ಸ್. ಎರಡೂ ಹೈಪರ್‌ವೈಸರ್‌ಗಳು, ಅಂದರೆ ಒಂದು ಸರ್ವರಿನಲ್ಲಿ (ಹೋಸ್ಟ್) ಹಲವು ವರ್ಚುವಲ್ ಯಂತ್ರಗಳನ್ನು (ವಿಎಂ) ಓಡಿಸುವ ತಂತ್ರಾಂಶ. ವಿಎಂಗಳನ್ನು ಪಕ್ಕದ ಹೋಸ್ಟ್‌ಗೆ ಸಾಗಿಸಿ, ಪ್ಯಾಚ್ ಹಾಕಿ, ರೀಬೂಟ್ ಮಾಡುವ ಕೆಲಸ ಎರಡರಲ್ಲೂ ಒಂದೇ. ದಾರಿ ಕವಲೊಡೆಯುವುದು ಫರ್ಮ್‌ವೇರ್ ಹತ್ತಿರ, ಅಂದರೆ ಯಂತ್ರದ ಭಾಗಗಳೊಳಗೇ ಇರುವ ತಂತ್ರಾಂಶದ ಹತ್ತಿರ: ಅದನ್ನು ಹೈಪರ್‌ವೈಸರ್ ಜೊತೆಗೇ ಬದಲಿಸೋದಾ, ಬೇರೆಯಾಗಾ?

ಇಎಸ್‌ಎಕ್ಸ್‌ಐ ಸೇರಿರುವ ವಿಸ್ಫಿಯರ್‌ನ 7ನೇ ಆವೃತ್ತಿಯಿಂದ ಇಡೀ ಕ್ಲಸ್ಟರ್‌ಗೆ ಒಂದೇ ಇಮೇಜ್ (ತಂತ್ರಾಂಶದ ಸಿದ್ಧ ಕಟ್ಟು) ಕೊಡಬಹುದು. ಸರ್ವರ್ ಕಂಪನಿಯ ಪ್ಲಗಿನ್ ಇದ್ದರೆ ಫರ್ಮ್‌ವೇರೂ ಅದರಲ್ಲೇ ಬರುತ್ತದೆ. ಮೊದಲೆಲ್ಲ ನೆಟ್‌ವರ್ಕ್ ಕಾರ್ಡಿನ ಡ್ರೈವರ್‌ಗೆ ಯಾವ ಫರ್ಮ್‌ವೇರ್ ಜೋಡಿ ಅಂತ ಕಂಪ್ಯಾಟಿಬಿಲಿಟಿ ಗೈಡ್‌ನಲ್ಲಿ ಹುಡುಕುತ್ತಾ ಕೂರುತ್ತಿದ್ದೆ. ಆ ಗೋಳು ಬಹಳ ಮಟ್ಟಿಗೆ ತಪ್ಪಿದೆ. ಆದರೆ ಆ ಪ್ಲಗಿನ್ನೇ ಇನ್ನೊಂದು ವಿಎಂ, ಅದನ್ನೂ ಅಪ್‌ಡೇಟ್ ಮಾಡಬೇಕು. ಚೆನ್ನಾಗಿದೆ ಅಲ್ವಾ? ಜೊತೆಗೆ ಕ್ವಿಕ್ ಬೂಟ್‌ನ ಸುಖವೂ ಹೋಗುತ್ತದೆ. ಅದು ಹಾರ್ಡ್‌ವೇರ್ ಪರೀಕ್ಷೆ ದಾಟಿಸಿ ಬೇಗ ಏಳಿಸುತ್ತದೆ, ಫರ್ಮ್‌ವೇರ್‌ಗೆ ಪೂರ್ತಿ ರೀಬೂಟೇ ಬೇಕು.

ಪ್ರಾಕ್ಸ್‌ಮಾಕ್ಸ್‌ನಲ್ಲಿ ಹೈಪರ್‌ವೈಸರ್ ಅಪ್‌ಡೇಟ್ ಅಂದರೆ ಡೆಬಿಯನ್ ಲಿನಕ್ಸ್‌ನ ಪ್ಯಾಕೇಜ್ ಉಪಕರಣ ಎಪಿಟಿ, ಅಷ್ಟೇ. ಫರ್ಮ್‌ವೇರ್ ಮಾತ್ರ ನಮ್ಮ ಪಾಡು. ನಾನು ಬಿಎಂಸಿ (ದೂರದಿಂದಲೇ ಸರ್ವರ್ ನೋಡಿಕೊಳ್ಳಲು ಅದರೊಳಗಿರುವ ಪುಟ್ಟ ನಿಯಂತ್ರಕ) ಪುಟದಿಂದ ಒಂದೊಂದೇ ಫೈಲ್ ಏರಿಸುತ್ತೇನೆ. ಬೇಜಾರಿನ ಕೆಲಸ.

ಪ್ರಾಕ್ಸ್‌ಮಾಕ್ಸ್ 7ರಿಂದ 8ಕ್ಕೆ ಹೋದಾಗ ಒಂದು ಹೋಸ್ಟ್ ರೀಬೂಟ್ ಆಗಿ ಪಿಂಗ್‌ಗೇ ಸಿಗಲಿಲ್ಲ. ಬಿಎಂಸಿ ಕನ್ಸೋಲ್ ತೆರೆದರೆ ಯಂತ್ರ ಆರಾಮಾಗಿ ಎದ್ದು ಕೂತಿದೆ! ಹೊಸ ಕರ್ನಲ್ (ಲಿನಕ್ಸ್‌ನ ತಿರುಳು) ಬಂದ ಮೇಲೆ ನೆಟ್‌ವರ್ಕ್ ಪೋರ್ಟಿನ ಹೆಸರಿಗೆ 'ಎನ್‌ಪಿ0' ಅಂತ ಬಾಲ ಸೇರಿತ್ತು, ವಿಎಂಗಳನ್ನು ನೆಟ್‌ವರ್ಕ್‌ಗೆ ಜೋಡಿಸುವ ಬ್ರಿಡ್ಜ್ ಹಳೆಯ ಹೆಸರನ್ನೇ ಹುಡುಕುತ್ತಿತ್ತು. ಇಂಟರ್‌ಫೇಸಸ್ ಫೈಲಿನಲ್ಲಿ ಒಂದು ಸಾಲು ತಿದ್ದಿದೆ, ಸರಿಹೋಯಿತು. ತಪ್ಪು ನನ್ನದೇ. ರಿಲೀಸ್ ನೋಟ್ಸ್‌ನಲ್ಲಿ ಈ ಎಚ್ಚರಿಕೆ ಇತ್ತು, ಸುಮ್ನೆ ಕಣ್ಣಾಡಿಸಿ ಬಿಟ್ಟಿದ್ದೆ.

ಹಿಂದೆ ಬರುವ ದಾರಿ ಎರಡರಲ್ಲೂ ಇದೆ. ಇಎಸ್‌ಎಕ್ಸ್‌ಐ ಏಳುವಾಗ ಶಿಫ್ಟ್ ಮತ್ತು ಆರ್ ಒತ್ತಿದರೆ ಹಿಂದಿನ ಆವೃತ್ತಿ ಸಿಗುತ್ತದೆ. ಪ್ರಾಕ್ಸ್‌ಮಾಕ್ಸ್‌ನ ಬೂಟ್ ಮೆನುವಿನಲ್ಲಿ ಹಳೆಯ ಕರ್ನಲ್ ಇರುತ್ತದೆ. ಫರ್ಮ್‌ವೇರ್‌ಗೆ ಆ ಭರವಸೆ ಇಲ್ಲ, ಕೆಲವು ಹಿಂದಿನ ಆವೃತ್ತಿಗೆ ಇಳಿಯಲು ಬಿಡುವುದೇ ಇಲ್ಲ.

ಅದಕ್ಕೇ ಒಂದೇ ಇಮೇಜ್ ಎಷ್ಟೇ ಸಲೀಸಾದರೂ ನನಗೆ ಅದರ ಮೇಲೆ ಒಂದು ತಕರಾರಿದೆ. ಫರ್ಮ್‌ವೇರ್, ಹೈಪರ್‌ವೈಸರ್ ಎರಡೂ ಒಟ್ಟಿಗೆ ಬದಲಾಗಿ ಡಿಸ್ಕ್ ನಿಧಾನವಾದರೆ ಕಳ್ಳ ಯಾರು? ಆದರೂ ಒಂದೇ ಮಾಡೆಲ್‌ನ ಹೋಸ್ಟ್‌ಗಳು ಜಾಸ್ತಿ ಇದ್ದರೆ ಅದನ್ನೇ ಆರಿಸುತ್ತೇನೆ, ಮೊದಲು ಒಂದು ಹೋಸ್ಟ್‌ಗೆ ಹಾಕಿ ವಾರ ಕಾಯುತ್ತೇನೆ. ತರಹೇವಾರಿ ಯಂತ್ರಗಳಿದ್ದರೆ ಬಿಡಿಬಿಡಿಯೇ ವಾಸಿ: ಫರ್ಮ್‌ವೇರ್ ಒಂದು ದಿನ, ಹೈಪರ್‌ವೈಸರ್ ಇನ್ನೊಂದು ದಿನ. ಎರಡರಲ್ಲೂ ರೀಬೂಟ್ ಒತ್ತುವ ಮುಂಚೆ ಬಿಎಂಸಿಗೆ ಲಾಗಿನ್ ಆಗಿ ನೋಡುತ್ತೇನೆ. ಒಮ್ಮೆ ಅದರ ಪಾಸ್‌ವರ್ಡೇ ಮರೆತುಹೋಗಿತ್ತು.