ಮಳೆಗಾಲದ ರಾತ್ರಿಗೆ ಯಾವ ದೆವ್ವ: ‘ಹ್ಯಾಲೋವೀನ್’ ಅಥವಾ ‘ಬಿಲೀವರ್’?

ಆಗುಂಬೆ ಕಡೆ ಜಡಿಮಳೆ ಹಿಡಿದರೆ ಕರೆಂಟನ್ನು ನಂಬುವ ಹಾಗಿಲ್ಲ. ಒಂದೇ ಸಿನಿಮಾ ನೋಡಲು ಆಗುವುದಾದರೆ 2018ರ ‘ಹ್ಯಾಲೋವೀನ್’ ಹಾಕಿ, 2023ರ ‘ದಿ ಎಕ್ಸಾರ್ಸಿಸ್ಟ್: ಬಿಲೀವರ್’ ಬಿಡಿ.

ಎರಡಕ್ಕೂ ನಿರ್ದೇಶಕರು ಡೇವಿಡ್ ಗಾರ್ಡನ್ ಗ್ರೀನ್. ಉಪಾಯವೂ ಒಂದೇ: ಸೊರಗಿದ ನಡುವಿನ ಭಾಗಗಳನ್ನು ಬದಿಗಿಟ್ಟು 1978ರ, 1973ರ ಮೂಲ ಚಿತ್ರಗಳಿಗೇ ಕಥೆಯ ಗಂಟು ಹಾಕುವುದು, ಹಳೆಯ ನಾಯಕಿಯನ್ನು ಮತ್ತೆ ಕರೆತರುವುದು. ಫಲ ಮಾತ್ರ ಬೇರೆಬೇರೆ.

‘ಹ್ಯಾಲೋವೀನ್’ನಲ್ಲಿ ಕಥೆಯ ಭಾರ ಹೊರುವವರೇ ಜೇಮೀ ಲೀ ಕರ್ಟಿಸ್. ಅವರ ಪಾತ್ರ ಲಾರಿ, ಮುಖವಾಡದ ಕೊಲೆಗಾರ ಮೈಕಲ್ ಮೈಯರ್ಸ್ ಮತ್ತೆ ಬಂದಾನೆಂದು 40 ವರ್ಷ ಬಂದೂಕು ಹಿಡಿದು ಕಾದವಳು. ಅಡುಗೆಮನೆಯ ಕಟ್ಟೆ ಪಕ್ಕಕ್ಕೆ ಸರಿದರೆ ಕೆಳಗೆ ಅಡಗುಕೋಣೆಯ ಮೆಟ್ಟಿಲು. ಅವಳ ಬದುಕೆಲ್ಲ ಅಲ್ಲೇ ಕಾಣುತ್ತದೆ. ಸುಮಾರು 1 ಕೋಟಿ ಡಾಲರ್ ಖರ್ಚಿನ ಚಿತ್ರದ ಗಳಿಕೆ 25 ಕೋಟಿ ದಾಟಿತು.

‘ಬಿಲೀವರ್’ನಲ್ಲಿ ಎಲೆನ್ ಬರ್ಸ್ಟಿನ್ ಬಂದ ಸ್ವಲ್ಪ ಹೊತ್ತಿಗೇ ಆಸ್ಪತ್ರೆಯ ಹಾಸಿಗೆ ಸೇರುತ್ತಾರೆ. ಅಂಥ ಕಲಾವಿದೆಯನ್ನು ಕರೆಸಿ ಹೀಗೆ ಕೂರಿಸಿದ್ದು ನಿಜಕ್ಕೂ ಬೇಸರ. ದೆವ್ವ ಒಬ್ಬಳ ಬದಲು ಇಬ್ಬರು ಹುಡುಗಿಯರ ಮೈಮೇಲೆ ಬಂದು ಭಯವೂ ಹಂಚಿಹೋಗುತ್ತದೆ. ಮುಂದಿನ ಭಾಗವನ್ನು ಗ್ರೀನ್ ಕೈಬಿಟ್ಟರು.

ಮೊದಲು 1978ರದ್ದನ್ನು ನೋಡಿಕೊಳ್ಳಿ, ಒಂದೂವರೆ ಗಂಟೆ ಅಷ್ಟೇ. ಹಂಚಿನ ಮೇಲೆ ಮಳೆ ಹೊಡೆಯುತ್ತಿದ್ದರೆ ಅದರ ನಿರ್ದೇಶಕ, ಸಂಗೀತಗಾರ ಜಾನ್ ಕಾರ್ಪೆಂಟರ್ ಅವರ ಪಿಯಾನೋ ಕೇಳಿಸದು, ಇಯರ್‌ಫೋನ್ ಇರಲಿ.