95 ಡಿಗ್ರಿ ತೋರಿಸಿ ಪ್ರೊಸೆಸರ್ ಬದಲಿಸಲು ಹೇಳಿದರೆ ಒಪ್ಪಬೇಡಿ

ಮಂಗಳೂರು, ಉಡುಪಿ ಕಡೆಯಲ್ಲಿ ವಿಡಿಯೋ ಎಡಿಟಿಂಗಿಗಾಗಿ ಕಂಪ್ಯೂಟರ್ ಇಟ್ಟುಕೊಂಡವರೆಲ್ಲ ಇದನ್ನು ಓದಬೇಕೆಂದು ಕೇಳಿಕೊಳ್ಳುತ್ತೇನೆ. ಎರಡು ಕಂಪೆನಿಗಳ ಪ್ರೊಸೆಸರ್‌ಗಳು ತೋರಿಸುವ ಡಿಗ್ರಿಗಳನ್ನು ಅಕ್ಕಪಕ್ಕದಲ್ಲಿಟ್ಟು, ‘ನಿಮ್ಮದು ಸುಟ್ಟುಹೋಗುತ್ತದೆ’ ಎಂದು ಹೆದರಿಸಿ, ಸರಿಯಾಗಿಯೇ ಇದ್ದ ಯಂತ್ರವನ್ನು ಬದಲಿಸುವ ವ್ಯಾಪಾರದಲ್ಲಿ ನನ್ನ ತಮ್ಮ ಹಣ ಕಳೆದುಕೊಂಡಿದ್ದಾನೆ.

ಅವನು ಉಡುಪಿಯಲ್ಲಿ ಮದುವೆ, ಕೋಲ, ಯಕ್ಷಗಾನಗಳ ವಿಡಿಯೋ ಎಡಿಟ್ ಮಾಡಿಕೊಡುತ್ತಾನೆ. ಮೇ ಕೊನೆಯ ಪತ್ತನಾಜೆಯವರೆಗೂ ಬಿಡುವಿಲ್ಲ, ಸೆಕೆ ಏರುವುದೂ ಅದೇ ತಿಂಗಳುಗಳಲ್ಲಿ. ಎಎಂಡಿಯ ರೈಜನ್ 7 7700ಎಕ್ಸ್ ಇದ್ದ ಅವನ ಕಂಪ್ಯೂಟರ್ ರೆಂಡರಿಂಗ್ (ಎಡಿಟ್ ಮಾಡಿದ್ದನ್ನು ಅಂತಿಮ ವಿಡಿಯೋ ಆಗಿಸುವ ಕೆಲಸ) ವೇಳೆ 95 ಡಿಗ್ರಿ ತೋರಿಸುತ್ತಿತ್ತು. ಮಂಗಳೂರಿನ ಅಂಗಡಿಯೊಂದಕ್ಕೆ ಒಯ್ದಾಗ, ಅಲ್ಲಿಯವರು ಎ.ಸಿ. ಶೋರೂಮಿನಲ್ಲಿ ಇಂಟೆಲ್ ಕೋರ್ ಐ7-13700ಕೆ ಇರುವ ಯಂತ್ರದಲ್ಲಿ ಒಂದು ವಿಡಿಯೋ ಓಡಿಸಿ, 45 ಡಿಗ್ರಿಯ ಆಸುಪಾಸಿನ ಅಂಕಿಯನ್ನು ತೋರಿಸಿದರು. ಹಳೆಯ ಪ್ರೊಸೆಸರ್, ಮದರ್‌ಬೋರ್ಡ್ ಎರಡನ್ನೂ ತೀರಾ ಕಡಿಮೆ ಬೆಲೆಗೆ ಎಕ್ಸ್‌ಚೇಂಜಿಗೆ ತೆಗೆದುಕೊಂಡು, ಹೊಸ ಪ್ರೊಸೆಸರನ್ನೂ ಅದಕ್ಕೊಪ್ಪುವ ಬೋರ್ಡನ್ನೂ ಮಾರಿ, ಪ್ರೊಸೆಸರಿನ ಬಿಸಿ ಇಳಿಸುವ ಹಳೆಯ ಕೂಲರನ್ನೇ ಮೇಲೆ ಕೂರಿಸಿಕೊಟ್ಟರು.

ವಿಡಿಯೋ ನೋಡುವುದು ಇಂದಿನ ಪ್ರೊಸೆಸರಿಗೆ ಕೆಲಸವೇ ಅಲ್ಲ. ರೆಂಡರಿಂಗ್ ಅದರೊಳಗೆ ಲೆಕ್ಕ ಮಾಡುವ ಘಟಕಗಳಾದ ಎಲ್ಲ ಕೋರ್‌ಗಳನ್ನೂ ದುಡಿಸುತ್ತದೆ. ಇಷ್ಟು ಸಾಲದೆಂಬಂತೆ ಎ.ಸಿ. ಇರುವ ಶೋರೂಮಿಗೂ ಫ್ಯಾನ್ ಮಾತ್ರ ಇರುವ ಕರಾವಳಿಯ ಕೋಣೆಗೂ ಏಪ್ರಿಲ್‌ನಲ್ಲಿ ಹತ್ತು ಡಿಗ್ರಿಯ ವ್ಯತ್ಯಾಸ ಸುಲಭವಾಗಿ ಇರುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಹೆಚ್ಚು ಕೆಲಸ ಬಿದ್ದಾಗ 95 ಡಿಗ್ರಿಯವರೆಗೆ ಏರಿ ಅಲ್ಲಿಯೇ ನಿಲ್ಲುವಂತೆ ರೈಜನ್ 7000 ಸರಣಿಯನ್ನು ರೂಪಿಸಲಾಗಿದೆಯೆಂದೂ, ಅದರಿಂದ ಹಾನಿಯಿಲ್ಲವೆಂದೂ 2022ರಲ್ಲಿ ಅದು ಮಾರುಕಟ್ಟೆಗೆ ಬಂದಾಗಲೇ ಎಎಂಡಿ ಸ್ಪಷ್ಟಪಡಿಸಿತ್ತು. ಕೋರ್‌ಗಳಿರುವ ಚಿಪ್ಪಿನ ವಿಸ್ತೀರ್ಣ ಸುಮಾರು 70 ಚದರ ಮಿಲಿಮೀಟರ್ ಮಾತ್ರ. ಶಾಖವೆಲ್ಲ ಅಷ್ಟು ಚಿಕ್ಕ ಜಾಗದಿಂದ ಹೊರಬರಬೇಕಾದ್ದರಿಂದ, ಕಡಿಮೆ ವಿದ್ಯುತ್ ಬಳಸಿದರೂ ಅಂಕಿ ಮೇಲೆಯೇ ಇರುತ್ತದೆ. ಒಂದೇ ಕಂಪೆನಿಯೊಳಗೂ ಈ ಅಂಕಿಗಳನ್ನು ಕಣ್ಣುಮುಚ್ಚಿ ಹೋಲಿಸಲಾಗದು: 2017ರ ರೈಜನ್ 7 1700ಎಕ್ಸ್ ಮತ್ತು 1800ಎಕ್ಸ್, ಫ್ಯಾನಿನ ನಿಯಂತ್ರಣಕ್ಕೆಂದು, ನಿಜವಾದ ಬಿಸಿಗಿಂತ 20 ಡಿಗ್ರಿ ಹೆಚ್ಚು ತೋರಿಸುತ್ತಿದ್ದವು.

ಮನೆಗೆ ತಂದು ರೆಂಡರಿಂಗಿಗೆ ಹಾಕಿದಾಗ ಹೊಸ ಪ್ರೊಸೆಸರ್ ತನ್ನ ಮಿತಿಯಾದ 100 ಡಿಗ್ರಿಯನ್ನು ಮುಟ್ಟಿ, ವೇಗ ಇಳಿಸಿಕೊಂಡು ಓಡತೊಡಗಿತು. ಅಂಗಡಿಗೆ ಫೋನ್ ಮಾಡಿದರೆ, ಈ ಕಂಪೆನಿಯದ್ದಕ್ಕೆ 100 ಡಿಗ್ರಿ ಮಾಮೂಲು ಎಂದರು. ಆ ಮಾತು ಸುಳ್ಳಲ್ಲ. ಆದರೆ ಹಳೆಯದಕ್ಕೆ 95 ಡಿಗ್ರಿ ಅಷ್ಟೇ ಮಾಮೂಲೆಂಬುದನ್ನು ಮಾರುವ ಮೊದಲು ಮುಚ್ಚಿಟ್ಟದ್ದನ್ನು ನಾನು ಮೋಸವೆಂದೇ ಕರೆಯುತ್ತೇನೆ.

ಎಳೆದ ವಿದ್ಯುತ್ತೆಲ್ಲ ಶಾಖವಾಗುವುದರಿಂದ, ಕೋಣೆ ಎಷ್ಟು ಕಾಯುತ್ತದೆಂಬುದನ್ನು ವಾಟ್ ನೋಡಿ ತಿಳಿಯಬೇಕು. 7700ಎಕ್ಸ್ ಹೆಚ್ಚೆಂದರೆ 142 ವಾಟ್ ಎಳೆಯುತ್ತದೆ; 13700ಕೆಯ ಗರಿಷ್ಠ ಟರ್ಬೊ (ಪೂರ್ಣ ವೇಗದ) ಮಿತಿ 253 ವಾಟ್, ಅನೇಕ ಮದರ್‌ಬೋರ್ಡ್‌ಗಳು ಆ ಮಿತಿಯನ್ನೂ ಸಡಿಲಿಸಿಯೇ ಬರುತ್ತವೆ. ತಣ್ಣಗಿನ ಯಂತ್ರವೆಂದು ಕೊಂಡದ್ದರಿಂದ ತಮ್ಮನ ಕೋಣೆಯಲ್ಲಿ ಈಗ ಮೊದಲಿಗಿಂತ ಹೆಚ್ಚು ಸೆಕೆ. ಹಳೆಯದನ್ನು, ಮದರ್‌ಬೋರ್ಡಿನ ಮೂಲ ಸೆಟ್ಟಿಂಗ್‌ಗಳಿರುವ ಬಯಾಸ್‌ನಲ್ಲಿ, ‘65 ವಾಟ್’ ಎಂಬ ಹೆಸರಿನ, ವಿದ್ಯುತ್ ಉಳಿಸುವ ಇಕೋ ಮೋಡ್‌ಗೆ ಹಾಕಿದ್ದರೆ ಎಳೆತ 88 ವಾಟ್‌ಗೆ ಇಳಿದು, ಒಂದು ರೂಪಾಯಿಯೂ ಖರ್ಚಿಲ್ಲದೆ ಬಿಸಿ ಕಡಿಮೆಯಾಗುತ್ತಿತ್ತು, ವೇಗ ಸ್ವಲ್ಪ ಮಾತ್ರ ತಗ್ಗುತ್ತಿತ್ತು.

ಇನ್ನೊಂದು ಸಂಗತಿ ನನ್ನನ್ನು ಹೆಚ್ಚು ಕಳವಳಕ್ಕೀಡುಮಾಡಿತು. ಇಂಟೆಲ್‌ನ 13 ಮತ್ತು 14ನೇ ತಲೆಮಾರಿನ ಹಲವು ಡೆಸ್ಕ್‌ಟಾಪ್ ಪ್ರೊಸೆಸರ್‌ಗಳು ಅಗತ್ಯಕ್ಕಿಂತ ಹೆಚ್ಚಿನ ವೋಲ್ಟೇಜ್ ಕೇಳಿ ಹಾಳಾಗುತ್ತಿದ್ದುದನ್ನು ಕಂಪೆನಿಯೇ 2024ರಲ್ಲಿ ಒಪ್ಪಿಕೊಂಡು, ಹೊಸ ಮೈಕ್ರೋಕೋಡ್ (ಬಯಾಸ್ ಅಪ್‌ಡೇಟ್ ಮೂಲಕ ಬರುವ, ಪ್ರೊಸೆಸರಿನ ಒಳ ತಂತ್ರಾಂಶ) ಬಿಡುಗಡೆ ಮಾಡಿ, ವಾರಂಟಿಯನ್ನು ಎರಡು ವರ್ಷ ಹೆಚ್ಚಿಸಿತು. ಇಷ್ಟೆಲ್ಲ ಆದ ಬಳಿಕ ಮಾರಿದ ಈ ಬೋರ್ಡಿನಲ್ಲಿ ಹಳೆಯ ಬಯಾಸ್ ಹಾಗೆಯೇ ಇತ್ತು. ನಾವೇ ಅಪ್‌ಡೇಟ್ ಮಾಡಿ, ವಾಟ್ ಮಿತಿಯನ್ನು 125ಕ್ಕೆ ಇಳಿಸಬೇಕಾಯಿತು.

ನಿಮಗೂ ಯಾರಾದರೂ ಹೀಗೆ ಹೋಲಿಸಿ ತೋರಿಸಿದರೆ, ಎರಡೂ ಯಂತ್ರಗಳಲ್ಲಿ ಪ್ರೊಸೆಸರನ್ನು ಪೂರ್ತಿ ದುಡಿಸುವ ಸಿನಿಬೆಂಚ್‌ನಂಥ ಒಂದೇ ಪರೀಕ್ಷೆಯನ್ನು ಅದೇ ಕೋಣೆಯಲ್ಲಿ ಕನಿಷ್ಠ ಹತ್ತು ನಿಮಿಷ ಓಡಿಸಲು ಹೇಳಿ, ಡಿಗ್ರಿಯ ಜೊತೆಗೆ ವಾಟ್ ಮತ್ತು ಗಿಗಾಹರ್ಟ್ಸ್ (ವೇಗ) ಅಂಕಿಗಳನ್ನೂ ಕೇಳಿ. ಒಪ್ಪದಿದ್ದರೆ ಹಣ ಕೊಡಬೇಡಿ. ಎಕ್ಸ್‌ಚೇಂಜ್ ಎಂದು ಹಳೆಯ ಪ್ರೊಸೆಸರಿನ ಡಬ್ಬಿ ಮತ್ತು ಬಿಲ್ಲನ್ನು ಅಲ್ಲಿಯೇ ಒಪ್ಪಿಸಿಯೂ ಬರಬೇಡಿ. ಡಬ್ಬಿಯಲ್ಲಿ ಬರುವ ಎಎಂಡಿ ಪ್ರೊಸೆಸರಿಗೆ ಮೂರು ವರ್ಷ ವಾರಂಟಿ ಇರುತ್ತದೆ, ತಮ್ಮನದು ಇನ್ನೂ ಮುಗಿದಿರಲಿಲ್ಲ.